ಟ್ರಾಲಿಗೂ ಒಂದು ಗುರುತು ಬೇಕು: ಬೀದರ್ ಗಡಿಯಲ್ಲಿ ಟ್ರೇಲರ್ ಕಳವು, ಕಾನೂನು ಮತ್ತು ರಕ್ಷಣೆ

ಹೋದ ವರ್ಷ ಸೋಯಾ ರಾಶಿ ಮುಗಿದ ಮೇಲೆ ಭಾಲ್ಕಿ ತಾಲ್ಲೂಕಿನ ನಮ್ಮ ಕಾಕಾನ ಟ್ರಾಲಿ ಕಳುವಾಯಿತು. ಟ್ರ್ಯಾಕ್ಟರ್ ಮನೆ ಮುಂದೆ ಇತ್ತು, ಟ್ರಾಲಿ ಹೊಲದ ದಾರಿಯಲ್ಲಿ ನಿಂತಿತ್ತು. ಬೆಳಗ್ಗೆ ನೋಡಿದರೆ ನೆಲದ ಮೇಲೆ ಟೈರಿನ ಗುರುತು ಬಿಟ್ಟರೆ ಏನೂ ಇಲ್ಲ. ಠಾಣೆಗೆ ಹೋದಾಗ ನಡೆದ ಮಾತು ಇಷ್ಟೇ:

“ಟ್ರಾಲಿ ಕಳುವಾಗ್ಯಾದ್ರಿ ಸಾಹೇಬ್ರ.”

“ನಂಬರ್ ಏನ್ ಅದ?”

“ಟ್ರಾಲಿಗಿ ಎಲ್ಲಿ ನಂಬರ್ ಇರ್ತದ್ರಿ?”

“ಮತ್ತ ನಾವು ಏನಂತ ಹುಡುಕೋಣ?”

ಕಾಕಾ ದೂರು ಕೊಡದೇ ವಾಪಸ್ ಬಂದರು. ದೂರು ಕೊಟ್ಟರೆ ನೋಂದಣಿ ಇಲ್ಲದ್ದಕ್ಕೆ ತಮಗೇ ದಂಡ ಬೀಳುತ್ತದೆ ಅನ್ನೋ ಹೆದರಿಕೆ ಬೇರೆ. ಆ ಟ್ರಾಲಿ ಇವತ್ತಿಗೂ ಸಿಕ್ಕಿಲ್ಲ. ಅವತ್ತಿನಿಂದ ಈ ವಿಷಯದ ಕಾನೂನು ಓದುತ್ತಾ, ವಕೀಲರನ್ನು, ವೆಲ್ಡಿಂಗ್ ಅಂಗಡಿಯವರನ್ನು ಕೇಳುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ನಿಮ್ಮ ಊರಿನ ರೈತರಿಗೆ ಓದಿ ಹೇಳಿ.

ಟ್ರಾಲಿ ಕದಿಯುವುದು ಯಾಕೆ ಸುಲಭ?

ಟ್ರ್ಯಾಕ್ಟರ್ ಕದಿಯಲು ಕೀಲಿ ಬೇಕು, ಅದರ ಎಂಜಿನ್‌ಗೊಂದು ನಂಬರ್, ಚಾಸಿಗೊಂದು ನಂಬರ್ ಇರುತ್ತದೆ. ಟ್ರಾಲಿಗೆ ಎಂಜಿನ್ ಇಲ್ಲ, ಕೀಲಿ ಇಲ್ಲ. ಇನ್ನೊಂದು ಟ್ರ್ಯಾಕ್ಟರ್ ಹಿಂದಕ್ಕೆ ತಂದು ಹುಕ್ಕಿಗೆ ಪಿನ್ ಹಾಕಿದರೆ ಕೆಲಸ ಮುಗಿಯಿತು. ರಾತ್ರಿ ಟ್ರ್ಯಾಕ್ಟರ್ ಸದ್ದು ಕೇಳಿದರೂ ಹಳ್ಳಿಯಲ್ಲಿ ಯಾರೂ ಎದ್ದು ನೋಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಂತೂ ನಾರಂಜಾ, ಮಹಾತ್ಮ ಗಾಂಧಿ ಸಕ್ಕರೆ ಕಾರ್ಖಾನೆಗಳ ಕಡೆ ಇಡೀ ರಾತ್ರಿ ಜೋಡಿ ಟ್ರೇಲರ್‌ಗಳು ಓಡುತ್ತಿರುತ್ತವೆ. ಅವುಗಳ ಸಾಲಿನಲ್ಲಿ ಕದ್ದದ್ದೂ ಒಂದು ಹೋದರೆ ಗೊತ್ತಾಗುವುದು ಹೇಗೆ?

ಇದಕ್ಕೆ ನಮ್ಮ ಭೂಗೋಳವೂ ಸೇರುತ್ತದೆ. ಔರಾದ್‌ನಿಂದ ದೇಗಲೂರು, ಭಾಲ್ಕಿ–ಕಮಲನಗರದಿಂದ ಉದಗೀರ, ಬೀದರ್ ನಗರದಿಂದ ಜಹೀರಾಬಾದ್ ದೂರವಲ್ಲ. ಒಂದೇ ರಾತ್ರಿಯಲ್ಲಿ ರಾಜ್ಯ ಬದಲಾಗುತ್ತದೆ, ಠಾಣೆ ಬದಲಾಗುತ್ತದೆ, ಪೊಲೀಸರ ಭಾಷೆ ಬದಲಾಗುತ್ತದೆ. ಕೆಎ-38 (ಬೀದರ್), ಕೆಎ-39 (ಭಾಲ್ಕಿ) ಎಂದು ಬರೆದಿದ್ದರೆ ಆಚೆ ಕಡೆಯವರು ಕನಿಷ್ಠ ಅನುಮಾನ ಪಡಬಹುದಿತ್ತು. ಏನೂ ಬರೆಯದ ಟ್ರಾಲಿ ಬಣ್ಣ ಬಳಿದ ಮರುದಿನವೇ ಬೇರೆಯವರದಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಬಹಳ ಜನರ ತಿಳಿವಳಿಕೆ ಎಂದರೆ ಟ್ರಾಲಿ ಒಂದು “ಸಾಮಾನು”, ವಾಹನವಲ್ಲ. ಇದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28)ರ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಬೇರೆ ವಾಹನಗಳ ನೋಂದಣಿಗೆ ಇರುವ ನಿಯಮಗಳೇ ಟ್ರೇಲರ್‌ಗೂ ಅನ್ವಯ ಎಂದು ಸೆಕ್ಷನ್ 61 ಹೇಳುತ್ತದೆ. ಅದೇ ಸೆಕ್ಷನ್ ಪ್ರಕಾರ ಟ್ರೇಲರ್ ಮೇಲೆ ಅದರದ್ದೇ ನೋಂದಣಿ ಸಂಖ್ಯೆ ಇರಬೇಕು, ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಕಾಣಬೇಕು. ಜೋಡಿ ಟ್ರೇಲರ್ ಇದ್ದರೆ ಟ್ರ್ಯಾಕ್ಟರ್ ಸಂಖ್ಯೆ ಕೊನೆಯ ಟ್ರೇಲರ್ ಮೇಲಿರಬೇಕು.

ಹಂಗಂತ ನೋಂದಣಿ ಇಲ್ಲದ ಟ್ರಾಲಿ ಕದ್ದರೆ ಅದು ಕಳವಲ್ಲವೇ? ಖಂಡಿತ ಕಳವೇ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 303ರಲ್ಲಿ ಕಳವು ಎಂದರೆ ಒಬ್ಬರ ಸ್ವಾಧೀನದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ ಅಪ್ರಾಮಾಣಿಕವಾಗಿ ಒಯ್ಯುವುದು. ಅಲ್ಲಿ ಆರ್‌ಸಿ ಇರಬೇಕು ಅನ್ನೋ ಷರತ್ತೇ ಇಲ್ಲ. ನೋಂದಣಿ ಇಲ್ಲದೆ ರಸ್ತೆಯಲ್ಲಿ ಓಡಿಸುವುದು ಸೆಕ್ಷನ್ 192ರ ಪ್ರಕಾರ ಪ್ರತ್ಯೇಕ ತಪ್ಪು, ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ. ಆ ದಂಡದ ಹೆದರಿಕೆಗೆ ಲಕ್ಷ ರೂಪಾಯಿ ಮೇಲಿನ ಟ್ರಾಲಿ ಬಿಟ್ಟುಕೊಡಬೇಕಿಲ್ಲ. ಕಾಕಾಗೆ ಅವತ್ತು ಈ ಮಾತು ಹೇಳುವವರು ಯಾರೂ ಇರಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ 3 ವರ್ಷ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ಸಾಧನವನ್ನೇ ಕದ್ದರೆ ಸೆಕ್ಷನ್ 305ರಡಿ 7 ವರ್ಷದವರೆಗೆ. ಟ್ರಾಲಿ ಇರುವುದೇ ಸರಕು ಸಾಗಿಸಲು. ಆದ್ದರಿಂದ ದೂರಿನಲ್ಲಿ “ಕಬ್ಬು, ಸೋಯಾ ಸಾಗಿಸಲು ಬಳಸುತ್ತಿದ್ದ ಟ್ರೇಲರ್” ಎಂದು ಸ್ಪಷ್ಟವಾಗಿ ಬರೆಯಿರಿ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡವರಿಗೆ ಸೆಕ್ಷನ್ 317 ಇದೆ. ಅರ್ಧ ರೇಟಿಗೆ ಸಿಗುತ್ತದೆಂದು ಬರೀ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು ಟ್ರಾಲಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಕಳುವಾಗದಂತೆ ಏನು ಮಾಡಬೇಕು?

ಮೊದಲು ಗುರುತು. ಬಣ್ಣದಲ್ಲಿ ಬರೆದ ಹೆಸರು ಅಳಿಸಬಹುದು. ವೆಲ್ಡಿಂಗ್‌ನಿಂದ ಚಾಸಿ ಮೇಲೆ ಎರಡು ಕಡೆ ನಂಬರ್ ಬರೆಸಿ, ಒಂದು ಎದ್ದು ಕಾಣುವಂತೆ, ಇನ್ನೊಂದು ನಿಮಗಷ್ಟೇ ಗೊತ್ತಿರುವ ಜಾಗದಲ್ಲಿ. ಎರಡರ ಫೋಟೊ, ಟೈರ್ ನಂಬರ್, ಟ್ರಾಲಿಯ ನಾಲ್ಕೂ ಬದಿಯ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ತಯಾರಿಸಿದ ಅಂಗಡಿಯಿಂದ ಬಿಲ್ ತಪ್ಪದೇ ತಗೊಳ್ಳಿ. ನಾಳೆ ಕೋರ್ಟಿನಲ್ಲಿ ಮಾಲೀಕತ್ವ ತೋರಿಸಲು ಬೇಕಾಗುವುದು ಅದೇ.

ಎರಡನೆಯದು ಬೀಗ. ನಿಲ್ಲಿಸಿದ ಟ್ರಾಲಿಯ ಕೊಂಡಿಯ ತೂತಿಗೆ ಗಟ್ಟಿ ಬೀಗ ಹಾಕಿದರೆ ಬೇರೆಯವರ ಪಿನ್ ಅದರೊಳಗೆ ಹೋಗುವುದಿಲ್ಲ. ಚಕ್ರಕ್ಕೂ ಚಾಸಿಗೂ ಸೇರಿಸಿ ಸರಪಳಿ ಸುತ್ತಿ. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಗಟ್ಟಿ ಕಲ್ಲು ಕೊಟ್ಟು ನಿಲ್ಲಿಸಿ ಒಂದು ಚಕ್ರ ಬಿಚ್ಚಿ ಒಳಗಿಡಿ.

ಮೂರನೆಯದು ಜಾಗ. ಕೊಂಡಿ ಗೋಡೆ ಕಡೆ ಇರುವಂತೆ ನಿಲ್ಲಿಸಿದರೆ ಟ್ರ್ಯಾಕ್ಟರ್ ಜೋಡಿಸಲು ಆಗುವುದಿಲ್ಲ. ಓಣಿಯಲ್ಲಿ ನಾಲ್ಕು ಮನೆಯವರ ಟ್ರಾಲಿ ಒಂದೇ ಕಡೆ ನಿಲ್ಲಿಸಿ ಒಂದೇ ಸರಪಳಿ ಹಾಕಿದರೆ ಖರ್ಚೂ ಕಡಿಮೆ. ಜಿಪಿಎಸ್ ಕೂಡ ಸಿಗುತ್ತದೆ, ಆದರೆ ಟ್ರಾಲಿಯಲ್ಲಿ ಬ್ಯಾಟರಿ ಇಲ್ಲದ ಕಾರಣ ಉಪಕರಣವನ್ನು ಆಗಾಗ ಬಿಚ್ಚಿ ಚಾರ್ಜ್ ಮಾಡಬೇಕು. ಬೀಗ, ಗುರುತು ಆದ ಮೇಲೆ ಅದರ ಯೋಚನೆ ಮಾಡಿ.

ಕಳುವಾದ ಮೇಲೆ?

ತಕ್ಷಣ 112ಕ್ಕೆ ಕರೆ ಮಾಡಿ, ಅದೇ ದಿನ ಲಿಖಿತ ದೂರು ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 173ರ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. “ಇದು ನಮ್ಮ ಹದ್ದಲ್ಲ” ಎಂದು ವಾಪಸ್ ಕಳಿಸುವಂತಿಲ್ಲ. ಇ-ಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲೂ ದೂರು ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಿಕೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಬರೆಯಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಹೊಣೆ (ಸೆಕ್ಷನ್ 193).

ವಿಮೆ ಇದ್ದರೆ ಕಂಪನಿಗೂ ಅದೇ ದಿನ ತಿಳಿಸಿ. ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ಕಳವಿಗೆ ಪರಿಹಾರ ಇಲ್ಲ. ಟ್ರ್ಯಾಕ್ಟರ್ ಪಾಲಿಸಿಯಲ್ಲಿ ಟ್ರೇಲರ್ ಹೆಸರು ಸೇರಿದೆಯೇ ಎಂದು ಇವತ್ತೇ ತೆಗೆದು ನೋಡಿ. ಕಂಪನಿಗೆ ತಡವಾಗಿ ಹೇಳಿದ್ದಕ್ಕೆ ಕ್ಲೇಮ್ ತಿರಸ್ಕರಿಸಿದರೆ ಸುಪ್ರೀಂ ಕೋರ್ಟಿನ 2020ರ ಗುರ್‌ಶಿಂದರ್ ಸಿಂಗ್ ಪ್ರಕರಣದ ತೀರ್ಪು ತೋರಿಸಿ. ಅದು ಕಳುವಾದ ಟ್ರ್ಯಾಕ್ಟರಿನದ್ದೇ ಪ್ರಕರಣ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಕೋರ್ಟ್ ಹೇಳಿದೆ.

ಟ್ರಾಲಿ ಸಿಕ್ಕರೆ ಅದು ಠಾಣೆ ಆವರಣದಲ್ಲಿ ತುಕ್ಕು ಹಿಡಿಯಬೇಕಿಲ್ಲ. ಜಪ್ತಿಯಾದ ವಾಹನಗಳನ್ನು ಬಹಳ ದಿನ ಠಾಣೆಯಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲ, ಬಾಂಡ್ ಮತ್ತು ಜಾಮೀನು ಪಡೆದು ಬಿಡುಗಡೆ ಮಾಡಬೇಕು ಎಂದು 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು.

ಇದು ರಾಜಕೀಯದ ಪ್ರಶ್ನೆಯೂ ಹೌದು

ಕಾಕಾನ ಟ್ರಾಲಿ ಹೋದ ಮೇಲೆ ಊರಿನವರ ಬಾಯಲ್ಲಿ ಮೊದಲು ಬಂದದ್ದು ಯಾರ ಹೆಸರು ಗೊತ್ತೇ? ತಾಂಡಾದಿಂದ ಬರುತ್ತಿದ್ದ ಡ್ರೈವರ್‌ದು. ಒಂದೇ ಒಂದು ಸಾಕ್ಷಿ ಇರಲಿಲ್ಲ. ಎಂಟು ದಿನ ಮಾತು ಕೇಳಿಸಿಕೊಂಡು ಆತ ಕೆಲಸ ಬಿಟ್ಟ. ಬ್ರಿಟಿಷರ ಕಾಲದ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲೇ ರದ್ದಾಗಿದೆ, ಆದರೆ ಹುಟ್ಟು ನೋಡಿ ಅನುಮಾನಿಸುವ ಚಾಳಿ ರದ್ದಾಗಿಲ್ಲ. ವಸ್ತುವಿಗೆ ಗುರುತಿಲ್ಲದಿದ್ದರೆ ಜನ ಮನುಷ್ಯರ ಜಾತಿ ಗುರುತು ಹಿಡಿದು ಹುಡುಕುತ್ತಾರೆ. ಟ್ರಾಲಿ ಮೇಲೆ ನಂಬರ್ ಇದ್ದಿದ್ದರೆ ಪೊಲೀಸರು ಟ್ರಾಲಿಯನ್ನು ಹುಡುಕುತ್ತಿದ್ದರು.

ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಪ್ರವಾಸಿ ಕ್ಯಾರವಾನ್‌ಗಳದ್ದೂ ಇದೇ ಕಥೆಯಾಗಿತ್ತು. ಅಲ್ಲಿ ಅವುಗಳಿಗೆ ಸರ್ಕಾರಿ ನೋಂದಣಿ ಕಡ್ಡಾಯವಿಲ್ಲ, ಎಳೆಯುವ ಕಾರಿನ ನಂಬರನ್ನೇ ಹಿಂದೆ ಹಾಕುತ್ತಾರೆ. ಕೊನೆಗೆ ತಯಾರಕರೇ ಸೇರಿ 1992ರಿಂದ ‘ಕ್ರಿಸ್’ ಎಂಬ ನೋಂದಣಿ ಪಟ್ಟಿ ನಡೆಸತೊಡಗಿದರು. 17 ಅಂಕಿ-ಅಕ್ಷರಗಳ ಸಂಖ್ಯೆಯನ್ನು ಚಾಸಿ ಮೇಲೆ ಒತ್ತಿ, ಕಿಟಕಿ ಗಾಜಿನ ಮೇಲೂ ಕೊರೆಯುತ್ತಾರೆ. ಹಳೆಯ ಕ್ಯಾರವಾನ್ ಕೊಳ್ಳುವವರು ಮೊದಲು ಆ ಪಟ್ಟಿ ನೋಡುತ್ತಾರೆ. ನಮ್ಮಲ್ಲಿ ಕಡ್ಡಾಯ ಕಾನೂನೇ ಇದೆ, ಆದರೂ ಟ್ರಾಲಿ ಬೋಳಾಗಿ ಓಡುತ್ತದೆ.

ಆದ್ದರಿಂದ ಬೇಡಿಕೆಗಳು ಸರಳ. ಸಾರಿಗೆ ಇಲಾಖೆ ಹೋಬಳಿ ಮಟ್ಟದಲ್ಲಿ ಟ್ರಾಲಿ ನೋಂದಣಿ ಶಿಬಿರ ನಡೆಸಲಿ, ಹಳೆಯ ಟ್ರಾಲಿಗಳಿಗೆ ದಂಡವಿಲ್ಲದೆ ಒಂದು ಅವಕಾಶ ಕೊಡಲಿ. ಟ್ರಾಲಿ ಮಾಡುವ ಪ್ರತಿ ಅಂಗಡಿಯೂ ಚಾಸಿಗೆ ಸಂಖ್ಯೆ ಒತ್ತದೆ ಮಾರದಿರಲಿ. ಸಕ್ಕರೆ ಕಾರ್ಖಾನೆಗಳು ತೂಕದ ಕಾಟಾದಲ್ಲಿ ಟ್ರ್ಯಾಕ್ಟರ್ ನಂಬರ್ ಜೊತೆ ಟ್ರೇಲರ್ ನಂಬರನ್ನೂ ಬರೆದುಕೊಳ್ಳಲಿ. ಬೀದರ್, ಲಾತೂರ, ನಾಂದೇಡ, ಸಂಗಾರೆಡ್ಡಿ ಪೊಲೀಸರು ಕಳುವಾದ ಟ್ರಾಲಿಗಳ ಫೋಟೊ ಪಟ್ಟಿ ಹಂಚಿಕೊಳ್ಳಲಿ.

ಕಾಕಾ ಈಗ ಸೆಕೆಂಡ್ ಹ್ಯಾಂಡ್ ಟ್ರಾಲಿ ತಂದಿದ್ದಾರೆ, ಈ ಸಲ ಕಾಗದ ನೋಡಿ. ಕೊಂಡಿಗೆ ಬೀಗ ಇದೆ, ಚಾಸಿ ಮೇಲೆ ವೆಲ್ಡಿಂಗ್ ನಂಬರ್ ಇದೆ. ಆ ಡ್ರೈವರ್ ಮಾತ್ರ ವಾಪಸ್ ಬಂದಿಲ್ಲ. ಅವನ ಮನೆಗೆ ಹೋಗಿ ತಪ್ಪಾಯಿತು ಅನ್ನೋದು ನಮ್ಮ ಮನೆಯವರಿಗೆ ಇನ್ನೂ ಬಾಕಿ ಇದೆ.