ತಂತಿ ಹೋಯಿತು, ತಂತಿಯ ಕಾಯ್ದೆ ಉಳಿಯಿತು

ಬಸ್ಸಲ್ಲಿ ಇಯರ್‌ಫೋನ್ ಹಾಕಿ ಕೇಳುವವರಿಗೆ, ತೋಟಕ್ಕೆ ನೀರು ಬಿಡ್ತಾ ಕೇಳುವವರಿಗೆ, ಕೇಳ್ಲಿಕ್ಕೆ ಪುರುಸೊತ್ತಾಗದೆ ಈಗ ಇಲ್ಲಿ ಓದುತ್ತಾ ಇರುವವರಿಗೆ, ಸ್ವಾಗತ.

ಇವತ್ತಿನ ಕಥೆ 48 ಗಂಟೆಗಳದ್ದು. ಆದರೆ ಅದನ್ನು ಹೇಳ್ಬೇಕಾದರೆ ಸುಮಾರು 180 ವರ್ಷ ಹಿಂದೆ ಹೋಗಿ ಬರಬೇಕು.

2019ರ ಡಿಸೆಂಬರ್ 19, ಗುರುವಾರ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಮಂಗಳೂರಿನಲ್ಲಿ ನಡೆದ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರ್ ಆಗಿ ಇಬ್ಬರು ಸತ್ತರು. ಆ ರಾತ್ರಿ 10 ಗಂಟೆಯಿಂದ 48 ಗಂಟೆ ಕಾಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ಬಂದ್. ಗಲಾಟೆ ಆದದ್ದು ಮಂಗಳೂರಿನಲ್ಲಿ. ನೆಟ್ ಹೋದದ್ದು ಪುತ್ತೂರಿಗೂ, ಸುಳ್ಯಕ್ಕೂ, ಕಡಬಕ್ಕೂ.

ನಾನಾಗ ಬಿ.ಕಾಂ. ಮುಗಿಸಿ ಪುತ್ತೂರಿನ ಒಂದು ಆಡಿಟರ್ ಆಫೀಸಿಗೆ ಹೊಸದಾಗಿ ಸೇರಿದ್ದೆ. ಕಾಮರ್ಸ್‌ನವರಿಗೆ ಗೊತ್ತುಂಟು, ಪ್ರತಿ ತಿಂಗಳ 20ನೇ ತಾರೀಕು ಅಂದರೆ ಜಿಎಸ್‌ಟಿ ರಿಟರ್ನ್ ಹಾಕುವ ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಆಫೀಸಿನ ಬ್ರಾಡ್‌ಬ್ಯಾಂಡ್ ಹಾಳಾಗಿ ಎರಡು ವಾರ ಆಗಿತ್ತು, ನಮ್ಮ ಕೆಲಸ ಎಲ್ಲ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ನಡೀತಿತ್ತು. 20ರ ಬೆಳಿಗ್ಗೆ ಕಂಪ್ಯೂಟರ್ ಎದುರು ಸುಮ್ಮನೆ ಕೂತೆವು. ಮನೆಯಲ್ಲಿ ಅಪ್ಪ ಚಾಲಿ ಅಡಿಕೆಯ ರೇಟು ನೋಡ್ಲಿಕ್ಕೆ ವಾಟ್ಸ್‌ಆ್ಯಪ್ ತೆರೆದು, ಮುಚ್ಚಿ, ತೆರೆದು, ಕೊನೆಗೆ ಫೋನನ್ನು ಕಿಟಕಿಯಲ್ಲಿಟ್ಟರು.

ಸುದ್ದಿ ಮಾತ್ರ ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಹೇಳಿದ ಸಾವಿನ ಲೆಕ್ಕ ಇನ್ನೊಬ್ಬರ ಬಾಯಲ್ಲಿ ಎರಡರಷ್ಟಾಗುತ್ತಿತ್ತು. ನೋಡಿ ಖಾತ್ರಿ ಮಾಡ್ಕೊಳ್ಳುವ ದಾರಿ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಆಗ ನನಗೆ ಒಂದು ಪ್ರಶ್ನೆ ಬಂತು. ಇಷ್ಟು ಜನರ ನೆಟ್ ಒಂದೇ ಸಲ ತೆಗೆಯುವ ಅಧಿಕಾರ ಯಾವ ಕಾಯ್ದೆಯಲ್ಲಿ ಉಂಟು? ಐಟಿ ಕಾಯ್ದೆ ಇರಬಹುದು ಅಂತ ಅಂದುಕೊಂಡಿದ್ದೆ. ಅಲ್ಲ. ಆ ಅಧಿಕಾರದ ಬೇರು ಇದ್ದದ್ದು 1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆಯಲ್ಲಿ. ಅದೇ, ನಮ್ಮ ಅಜ್ಜ-ಅಜ್ಜಿಯರು "ತಂತಿ ಬಂತು" ಅಂದರೆ ಓದುವ ಮೊದಲೇ ಹೆದರುತ್ತಿದ್ದರಲ್ಲ, ಆ ತಂತಿಯ ಕಾಯ್ದೆ. ತಮಾಷೆ ಎಂತ ಅಂದರೆ, ಬಿಎಸ್‌ಎನ್‌ಎಲ್ ಟೆಲಿಗ್ರಾಂ ಸೇವೆಯನ್ನೇ 2013ರ ಜುಲೈಯಲ್ಲಿ ನಿಲ್ಲಿಸಿ ಆಗಿತ್ತು. ತಂತಿ ಸತ್ತು ಆರು ವರ್ಷ ಆದ ಮೇಲೆ ಅದರ ಕಾಯ್ದೆ ಬಂದು ನಮ್ಮ ಇಂಟರ್ನೆಟ್ ತೆಗೆಯಿತು.

ಓಲೆ ನಡೆದ ದಾರಿ

ಈಗ 1837ಕ್ಕೆ ಹೋಗುವ. ಆಗ ಈ ದೇಶದಲ್ಲಿ ತಂತಿ ಅನ್ನುವುದೇ ಇಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತ್ತು. ಕೊಡಗಿನ ರಾಜರ ಕೈಯಲ್ಲಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯಲ್ಲಿ ಕೊಡ್ತಿದ್ದ ಕಂದಾಯವನ್ನು ನಗದಲ್ಲಿ ಕೊಡಿ ಅಂದರು. ಉಪ್ಪು, ಹೊಗೆಸೊಪ್ಪಿನ ಮೇಲಿನ ಹೊರೆ ಬೇರೆ. ಜನ ಎದ್ದರು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪ, ಜೊತೆಗೆ ಕೆದಂಬಾಡಿ ರಾಮಯ್ಯ ಗೌಡ ಮತ್ತು ಹಲವರು. ಬೆಳ್ಳಾರೆಯ ಖಜಾನೆ ವಶ ಮಾಡ್ಕೊಂಡು, ಪುತ್ತೂರು, ಬಂಟ್ವಾಳ ದಾಟಿ, ಏಪ್ರಿಲ್ ಮೊದಲ ವಾರ ಮಂಗಳೂರು ಹಿಡಿದರು. ಬಾವುಟ ಗುಡ್ಡೆಯಲ್ಲಿ ಬಾವುಟ ಹಾರಿಸಿ ಸುಮಾರು ಎರಡು ವಾರ ಅಲ್ಲಿದ್ದರು. ನಂತರ ಹೊರಗಿನಿಂದ ಸೈನ್ಯ ಬಂತು, ಮುಖಂಡರನ್ನು ಗಲ್ಲಿಗೇರಿಸಿದರು.

ನಮ್ಮಲ್ಲಿ ಇದನ್ನು ಕಲ್ಯಾಣಪ್ಪನ ಕಾಟಕಾಯಿ ಅಂತ ಹೇಳ್ತಾರೆ. ಶೌರ್ಯದ ಕಥೆ ನೀವು ಕೇಳಿರ್ತೀರಿ. ನಾನು ಇವತ್ತು ಹೇಳ್ಲಿಕ್ಕೆ ಹೊರಟದ್ದು ಸುದ್ದಿಯ ಕಥೆ. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಿರೂಪಗಳು, ಅಂದರೆ ಬರೆದ ಆಜ್ಞೆಗಳು, ಊರಿಂದ ಊರಿಗೆ ನಡೆದುಕೊಂಡು ಹೋದವು. ಕಂಪನಿಯವರ ಪತ್ರಗಳೂ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಹೋಗ್ಬೇಕಿತ್ತು. ಮಾತಿನ ದಾರಿ ಇಬ್ಬರಿಗೂ ಒಂದೇ. ಯಾರೂ ಅದರ ಸ್ವಿಚ್ ಹಿಡಿದು ಕೂತಿರಲಿಲ್ಲ.

ಎರಡು ವರ್ಷ ಕಳೆದು, 1839ರಲ್ಲಿ, ಓಶಾಘ್ನೆಸಿ ಎಂಬ ವೈದ್ಯ ಕಲ್ಕತ್ತೆಯಲ್ಲಿ ತಂತಿಯ ಪ್ರಯೋಗ ಮಾಡಿದ. 1851ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರ್ ಕಡೆಗೆ ಲೈನ್ ಬಂತು. 1857ರ ದಂಗೆಯ ಹೊತ್ತಿಗೆ ತಂತಿ ಬ್ರಿಟಿಷರ ದೊಡ್ಡ ಬಲ ಆಗಿತ್ತು, ದಂಗೆ ಎದ್ದವರು ಕಂಡಲ್ಲಿ ತಂತಿ ಕಡಿದರು. ಸುದ್ದಿಯ ದಾರಿ ಯಾರ ಕೈಯಲ್ಲಿರಬೇಕು ಅನ್ನುವ ಪಾಠವನ್ನು ಸರ್ಕಾರ ಅಲ್ಲಿ ಚೆನ್ನಾಗಿ ಕಲಿಯಿತು.

ಆ ಪಾಠ 1885ರ ಕಾಯ್ದೆಯಲ್ಲಿ ಉಂಟು. ಸೆಕ್ಷನ್ 4 ಹೇಳ್ತದೆ: ತಂತಿ ನಡೆಸುವ ಹಕ್ಕು ಸರ್ಕಾರದ್ದು ಮಾತ್ರ, ಬೇರೆಯವರಿಗೆ ಲೈಸೆನ್ಸ್ ಬೇಕು. ಸೆಕ್ಷನ್ 5 ಹೇಳ್ತದೆ: "ಸಾರ್ವಜನಿಕ ತುರ್ತು" ಇದ್ದರೆ, ಅಥವಾ "ಸಾರ್ವಜನಿಕ ಸುರಕ್ಷತೆ"ಯ ಸಲುವಾಗಿ, ಸಂದೇಶವನ್ನು ತಡೆಯಬಹುದು, ಹಿಡಿದಿಡಬಹುದು, ಓದಬಹುದು. ಒಂದೇ ಸೆಕ್ಷನ್‌ನಲ್ಲಿ ಬಾಯಿ ಮುಚ್ಚಿಸುವುದೂ ಉಂಟು, ಕಿವಿ ಇಡುವುದೂ ಉಂಟು. ವಾಕ್ ಸ್ವಾತಂತ್ರ್ಯ, ಖಾಸಗಿತನ ಅಂತ ನಾವು ಈಗ ಎರಡು ವಿಷಯ ಮಾಡಿ ಚರ್ಚೆ ಮಾಡ್ತೇವೆ. ಆ ಕಾಯ್ದೆ ಬರೆದವರಿಗೆ ಅದು ಒಂದೇ ವಿಷಯ.

ಕಿವಿಯ ಕಥೆ

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ಕಾಯ್ದೆ ಅಲ್ಲೇ ಇತ್ತು.

1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ, ಪರ್ಲಡ್ಕದ ಬಾಲವನ ಕಟ್ಟಿದ ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ವಾಪಸ್ ಮಾಡಿದರು. ಮಾತಾಡ್ಲಿಕ್ಕೆ ಬಿಡದ ಸರ್ಕಾರದ ಗೌರವ ನನಗೆ ಬೇಡ ಅನ್ನುವುದಕ್ಕೆ ಅವರಿಗೆ ಯಾರ ಫಾಲೋವರ್ಸೂ ಬೇಕಾಗಿರಲಿಲ್ಲ.

1988ರಲ್ಲಿ ನಮ್ಮದೇ ರಾಜ್ಯದ ಸರದಿ. ರಾಜಕಾರಣಿಗಳ, ಬೇರೆಯವರ ಫೋನ್ ಕದ್ದಾಲಿಕೆ ಆಗಿದೆ ಅನ್ನುವ ವಿವಾದ ದೊಡ್ಡದಾಗಿ, ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಫೋನ್ ಕದ್ದಾಲಿಕೆಯ ಕಾರಣಕ್ಕೆ ಕರ್ನಾಟಕದ ಮುಖ್ಯಮಂತ್ರಿ ಕುರ್ಚಿ ಬಿಟ್ಟರು, ಇದು ನಮ್ಮ ಪ್ರಾಯದ ಎಷ್ಟು ಜನಕ್ಕೆ ಗೊತ್ತು? ನನಗೆ ಈ ಕಂತಿಗೆ ಓದುವವರೆಗೆ ಗೊತ್ತಿರಲಿಲ್ಲ.

ಫೋನ್ ಕದ್ದಾಲಿಕೆಯ ಪ್ರಶ್ನೆಯನ್ನು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಒಯ್ದಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಫೋನಿನಲ್ಲಿ ಆಡುವ ಮಾತು ಖಾಸಗಿ ಬದುಕಿನ ಭಾಗ. ಕದ್ದಾಲಿಸ್ಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಆದೇಶಕ್ಕೆ ಎರಡು ತಿಂಗಳು, ಮುಂದುವರಿಸಿದರೂ ಒಟ್ಟು ಆರು ತಿಂಗಳು ದಾಟಬಾರದು, ಪರಿಶೀಲನೆಗೆ ಒಂದು ಸಮಿತಿ ಬೇಕು. ಒಳ್ಳೆಯದೇ. ಆದರೆ ಒಂದು ವಿಷಯ ಗಮನಿಸಿ. ಅನುಮತಿ ಕೊಡುವವರು ಸರ್ಕಾರದ ಅಧಿಕಾರಿ, ಪರಿಶೀಲಿಸುವ ಸಮಿತಿಯಲ್ಲೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಎಲ್ಲಿಯೂ ಇಲ್ಲ. ಆಡಿಟಿನ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕ ಬರೆದವನ ಮನೆಯವರೇ ಲೆಕ್ಕ ತಪಾಸಣೆ ಮಾಡಿದ ಹಾಗೆ.

ಇಷ್ಟಾದರೂ ಖಾಸಗಿತನ ಮೂಲಭೂತ ಹಕ್ಕು ಹೌದಾ ಅಲ್ವಾ ಅನ್ನುವುದು ಪೂರ್ತಿ ತೀರ್ಮಾನ ಆಗಿರಲಿಲ್ಲ. 2015ರಲ್ಲಿ ಆಧಾರ್ ಪ್ರಕರಣದಲ್ಲಿ ಕೇಂದ್ರ ಸರ್ಕಾರವೇ, ಅಂಥ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲ ಅಂತ ಕೋರ್ಟಿನಲ್ಲಿ ವಾದ ಮಾಡಿತು. ಆ ಪ್ರಕರಣ ಹಾಕಿದ್ದು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವರ್ಷ. ನಮ್ಮಲ್ಲಿ ಆ ಪ್ರಾಯದ ಅಜ್ಜನ ಕೈಯಿಂದ ಫೋನ್ ತೆಗೆದು, "ನಿಮಗೆ ಗೊತ್ತಾಗುದಿಲ್ಲ, ಕೊಡಿ ಇಲ್ಲಿ" ಅಂತೇವೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಅದನ್ನು ಮುಟ್ಟಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮುಟ್ಟಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 98 ವರ್ಷಕ್ಕೆ.

ಬಾಯಿಯ ಕಥೆ

ಅದೇ 2017ರ ಆಗಸ್ಟ್‌ನಲ್ಲಿ ಇನ್ನೊಂದೂ ಆಯಿತು. ಇಂಟರ್ನೆಟ್ ಬಂದ್ ಮಾಡ್ಲಿಕ್ಕೆ ಕೇಂದ್ರ ಸರ್ಕಾರ ನಿಯಮ ಮಾಡಿತು, ಅದೇ ಟೆಲಿಗ್ರಾಫ್ ಕಾಯ್ದೆಯ ಅಡಿಯಲ್ಲಿ. ಒಂದು ಕಡೆ ಹಕ್ಕು ಸಿಕ್ಕಿದ ತಿಂಗಳಲ್ಲೇ ಇನ್ನೊಂದು ಕಡೆ ಸ್ವಿಚ್‌ಗೆ ಹೊಸ ಬೋರ್ಡ್ ಹಾಕಿದರು. 2019ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಗೆ ಬಂದದ್ದು ಆ ಸ್ವಿಚ್.

ಮೂರು ವಾರ ಕಳೆದು, 2020ರ ಜನವರಿ 10ರಂದು, ಕಾಶ್ಮೀರದ ಪತ್ರಕರ್ತೆ ಅನುರಾಧಾ ಭಾಸಿನ್ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಉಂಟು. ಅನಿರ್ದಿಷ್ಟ ಕಾಲ ಬಂದ್ ಮಾಡುವ ಹಾಗಿಲ್ಲ. ಬಂದ್ ಮಾಡಿದರೆ ಆದೇಶವನ್ನು ಪ್ರಕಟಿಸ್ಬೇಕು, ಜನ ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡುವ ಹಾಗೆ ಇರಬೇಕು.

ಗಲಭೆಯ ಹೊತ್ತಿಗೆ ಸುಳ್ಳು ಸುದ್ದಿ ಹರಡಿ ಇನ್ನೊಂದು ಜೀವ ಹೋದರೆ ಯಾರು ಹೊಣೆ ಅಂತ ಕೇಳಿದರೆ, ಆ ಪ್ರಶ್ನೆ ಸರಿಯೇ. ನಮ್ಮ ಜಿಲ್ಲೆಯಲ್ಲಿ ಒಂದು ಫಾರ್ವರ್ಡ್ ಎಂತ ಮಾಡಬಹುದು ಅಂತ ನನಗೂ ಗೊತ್ತುಂಟು. ಆದರೆ ಆ 48 ಗಂಟೆಯಲ್ಲಿ ನಾನು ಕಂಡದ್ದು, ಸುಳ್ಳು ಬಸ್ಸಲ್ಲಿ ಹೋಯಿತು, ನಿಜಕ್ಕೆ ಬಸ್ ಸಿಗಲಿಲ್ಲ. ಸುಳ್ಳು ಹರಡಿದ ಒಬ್ಬನನ್ನು ಹಿಡಿಯುವುದು ಒಂದು ಕೆಲಸ. ಇಡೀ ಜಿಲ್ಲೆಯನ್ನು ಅವನ ಜೊತೆ ಕಟ್ಟಿ ಹಾಕುವುದು ಬೇರೆ ಕೆಲಸ.

1885ರ ಕಾಯ್ದೆಯ ಜಾಗಕ್ಕೆಂದು 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದರ ಸೆಕ್ಷನ್ 20 ತೆರೆದು ಓದಿ. "ಸಾರ್ವಜನಿಕ ತುರ್ತು", "ಸಾರ್ವಜನಿಕ ಸುರಕ್ಷತೆ" ಎರಡೂ ಅಲ್ಲೇ ಉಂಟು. ಹೊಸ ಮನೆ ಕಟ್ಟುವಾಗ ಹಳೆ ಮನೆಯ ಬಾಗಿಲನ್ನೇ ತಂದು ಜೋಡಿಸಿದ ಹಾಗೆ. ಬದಲಾವಣೆ ಇಲ್ಲವೇ ಇಲ್ಲ ಅಂತಲ್ಲ. 2024ರ ನಿಯಮದಲ್ಲಿ ಬಂದ್ ಆದೇಶಕ್ಕೆ 15 ದಿನದ ಮಿತಿ ಉಂಟು, ಕಾರಣ ಬರೆದು ಪ್ರಕಟಿಸ್ಬೇಕು. ಆ ಷರತ್ತುಗಳು ತಾವಾಗಿ ಬಂದದ್ದಲ್ಲ. ಯಾರೋ ಕೋರ್ಟಿನ ಮೆಟ್ಟಿಲು ಹತ್ತಿ ಕೇಳಿದ್ದಕ್ಕೆ ಬಂದದ್ದು.

ನಮ್ಮ ಕಿವಿ

ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಮಾತ್ರ ಹೇಳಿದ ಹಾಗೆ. ಸರ್ಕಾರದ ಕಿವಿ ಬಗ್ಗೆ ಹೇಳಿದೆ, ನಮ್ಮ ಕಿವಿ ಬಗ್ಗೆ ಹೇಳಲಿಲ್ಲ.

ಕಳೆದ ವರ್ಷ ಒಬ್ಬ ಕೇಳುಗ ನನಗೆ ಒಂದು ಆಡಿಯೋ ಕಳಿಸಿದ. "ಇದರ ಮೇಲೆ ಒಂದು ಕಂತು ಮಾಡಿ ಅಣ್ಣಾ, ಒಳ್ಳೆ ವ್ಯೂಸ್ ಬರ್ತದೆ" ಅಂತ. ಗಂಡ-ಹೆಂಡತಿಯ ಫೋನ್ ಜಗಳ. ಯಾರೋ ರೆಕಾರ್ಡ್ ಮಾಡಿ ಹೊರಗೆ ಬಿಟ್ಟಿದ್ದರು. ಸಂಜೆಯೊಳಗೆ ನಾನಿರುವ ನಾಲ್ಕು ಗ್ರೂಪಿನಲ್ಲಿ ಅದೇ. ನಾನು ಕಂತು ಮಾಡಲಿಲ್ಲ. ಆದರೆ ಸತ್ಯ ಹೇಳ್ಬೇಕಲ್ಲ, ಆಡಿಯೋವನ್ನು ಪೂರ್ತಿ ಕೇಳಿದೆ. ಇಯರ್‌ಫೋನ್ ಹಾಕಿಯೇ ಕೇಳಿದೆ, ಯಾರಿಗೂ ಗೊತ್ತಾಗಬಾರದು ಅಂತ. ನನ್ನ ಖಾಸಗಿತನವನ್ನು ಎಷ್ಟು ಜಾಗ್ರತೆಯಲ್ಲಿ ಕಾಪಾಡಿಕೊಂಡೆ ನೋಡಿ, ಆ ಹೆಂಗಸಿನದ್ದನ್ನು ಕೇಳ್ಲಿಕ್ಕೆ.

ಹೆಗಡೆಯವರ ಕಾಲದಲ್ಲಿ ಫೋನ್ ಕದ್ದಾಲಿಕೆಗೆ ಸರ್ಕಾರ ಬೇಕಿತ್ತು, ಎಕ್ಸ್‌ಚೇಂಜ್ ಬೇಕಿತ್ತು. ಈಗ ಒಂದು ಬಟನ್ ಸಾಕು. 1885ರ ಅಧಿಕಾರಿಗೆ ತಂತಿ ಓದುವ ಮೊದಲು ಕೊನೆಪಕ್ಷ ತುರ್ತಿನದ್ದೋ ಸುರಕ್ಷತೆಯದ್ದೋ ಒಂದು ಕಾರಣ ಬೇಕಿತ್ತು. ನಮ್ಮ ಕಾರಣ ಎಂತ? "ಫಾರ್ವರ್ಡೆಡ್ ಮೆನಿ ಟೈಮ್ಸ್."

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಸರ್ಕಾರವನ್ನು ನಾವು ಕೇಳುವ ಪ್ರಶ್ನೆ ಮೂರು: ಯಾವ ಕಾನೂನು, ಎಂತಕ್ಕೆ, ಎಷ್ಟು? ಮುಂದಿನ ಸಲ ನೆಟ್ ಹೋದಾಗ ಆದೇಶದ ಪ್ರತಿ ಎಲ್ಲಿ ಪ್ರಕಟ ಆಗಿದೆ ಅಂತ ಹುಡುಕಿ, ಸಿಗದಿದ್ದರೆ ಕೇಳಿ. ಅದು ನಿಮ್ಮ ಹಕ್ಕು. ಇನ್ನೊಬ್ಬರ ಆಡಿಯೋ, ಸ್ಕ್ರೀನ್‌ಶಾಟ್ ಕೈಗೆ ಬಂದಾಗ ಅದೇ ಮೂರು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳುವ. ನನ್ನ ಫೋನಿನಲ್ಲಿದ್ದ ಆ ಆಡಿಯೋವನ್ನು ಈ ಕಂತು ಬರೆಯುವಾಗ ಡಿಲೀಟ್ ಮಾಡಿದೆ. ತಡವಾಯಿತು, ಹೌದು.

ನಿಮ್ಮ ಮನೆಯಲ್ಲಿ ಹಳೆಯ ತಂತಿಯ ಕಾಗದ ಯಾವುದಾದರೂ ಉಳಿದಿದ್ದರೆ, ಅದು ಬಂದ ದಿನ ಎಂತ ಆಯಿತು ಅಂತ ಹಿರಿಯರ ಹತ್ತಿರ ಕೇಳಿ ನನಗೆ ಬರೆಯಿರಿ. ಅವರ ಒಪ್ಪಿಗೆ ತಕ್ಕೊಂಡೇ ಬರೆಯಿರಿ, ಆಯ್ತಾ?

ಮುಂದಿನ ಕಂತಿನಲ್ಲಿ ಸಿಗುವ.