ಡಾಂಬರಿಗೂ ಸೈ, ಮಣ್ಣಿಗೂ ಸೈ: ಹಳೆ ಯೆಜ್ಡಿ ರೋಡ್‌ಕಿಂಗ್ ಹಿಂದೆ ಬಿದ್ದ ಕಥೆ

ಪೀಣ್ಯ ಎರಡನೇ ಹಂತದ ಒಂದು ಲೇತ್ ಶೆಡ್ಡಿನಲ್ಲಿ ನನ್ನ ಹತ್ತು ಸಾವಿರ ರೂಪಾಯಿ ಹೋಯಿತು. ಕಳ್ಳರು ಹೊಡೆದದ್ದಲ್ಲ, ನಾನೇ ಕೈಯಾರೆ ಕೊಟ್ಟದ್ದು.

ಒಬ್ಬ ದಲ್ಲಾಳಿಗೆ ಮುಂಗಡ ಕೊಟ್ಟು ಹಳೆ ಯೆಜ್ಡಿ ರೋಡ್‌ಕಿಂಗ್ ತಂದಿದ್ದೆ. ಹೊಗೆ ಜಾಸ್ತಿ ಬರುತ್ತಿತ್ತು, ಬೋರಿಂಗ್ ಮಾಡಿಸೋಣ ಅಂತ ಆ ಶೆಡ್ಡಿಗೆ ಹೋದೆ. ಯಜಮಾನರಿಗೆ ಅರವತ್ತು ದಾಟಿದೆ. ಅವರು ಇಂಜಿನ್ ಮುಟ್ಟಲೇ ಇಲ್ಲ. ಹಳೆ ಕಾಗದದ ತುಂಡೊಂದನ್ನು ಚಾಸಿ ನಂಬರಿನ ಮೇಲಿಟ್ಟು ಪೆನ್ಸಿಲ್‌ನಲ್ಲಿ ಉಜ್ಜಿದರು. "ಆರ್‌ಸಿ ತೆಗಿ ಮಗಾ" ಅಂದರು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ಕೊನೆಯ ಎರಡು ಅಂಕಿ ಬೇರೆ ಬೇರೆ.

"ಇದು ಬೈಕಲ್ಲ ಕಣಪ್ಪಾ. ಎರಡು ಗುಜರಿ ಸೇರಿಸಿ ಬಣ್ಣ ಬಳಿದಿರೋದು. ಕೊಟ್ಟೋನಿಗೇ ವಾಪಸ್ ಕೊಡು."

ಬೈಕನ್ನು ವಾಪಸ್ ಕೊಟ್ಟೆ. ಮುಂಗಡ ಮಾತ್ರ ಬರಲಿಲ್ಲ. ಆದರೆ ಆ ದಿನದಿಂದ ಈ ಬೈಕಿನ ಇತಿಹಾಸ ಹುಡುಕುವ ಹುಚ್ಚು ಹಿಡಿಯಿತು. ಅದನ್ನೇ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಹಿತ್ತಲಲ್ಲೂ ಒಂದು ಯೆಜ್ಡಿ ತುಕ್ಕು ಹಿಡಿಯುತ್ತಾ ನಿಂತಿದ್ದರೆ ಕೊನೆಯವರೆಗೂ ಓದಿ.

ಮೊದಲು ಜಾವಾ. 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಸೆಕ್ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ತಯಾರಿಸುವ ಹಕ್ಕು ತೆಗೆದುಕೊಂಡರು. ಅವರ ಹೆಸರಿನ ಮೊದಲ ಅಕ್ಷರ, ವಾಂಡರರ್‌ನ ಮೊದಲ ಅಕ್ಷರ ಸೇರಿ 'ಜಾವಾ' ಆಯಿತು. ನಮ್ಮಲ್ಲಿಗೆ ಅದನ್ನು ತಂದವರು ಮುಂಬೈನ ಪಾರ್ಸಿ ಇರಾನಿ ಮನೆತನದವರು. ಹೊರದೇಶದಿಂದ ಬೈಕ್ ತರುವುದಕ್ಕೆ ಸರ್ಕಾರ ಕಡಿವಾಣ ಹಾಕಿದಾಗ, ಇಲ್ಲೇ ತಯಾರಿಸೋಣ ಎಂದು ರುಸ್ತುಂ ಇರಾನಿ ಮೈಸೂರಿಗೆ ಬಂದರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1961ರಿಂದ ಬೈಕುಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು.

ಈಗ ವಿಷಯಕ್ಕೆ ಬರೋಣ. 'ಡ್ಯುಯಲ್ ಸ್ಪೋರ್ಟ್' ಅಂತ ಬೈಕಿನಲ್ಲಿ ಒಂದು ಜಾತಿ ಇದೆ. ಲೈಟು, ನಂಬರ್ ಪ್ಲೇಟು ಎಲ್ಲ ಇದ್ದು ರಸ್ತೆಯಲ್ಲೂ ಓಡಬೇಕು, ಹೊಲದ ಬದುವಿನಲ್ಲೂ ಓಡಬೇಕು. 1968ರಲ್ಲಿ ಯಮಹಾ ಕಂಪನಿಯ 250 ಸಿಸಿ ಡಿಟಿ-1 ಬಂದ ಮೇಲೆ ಅಮೆರಿಕದಲ್ಲಿ ಇಂಥ ಬೈಕುಗಳಿಗೆ ಜನ ಮುಗಿಬಿದ್ದರು. ನಮ್ಮ ದೇಶದ ಬಾಗಿಲು ಮುಚ್ಚಿತ್ತು, ಅವು ಇಲ್ಲಿಗೆ ಬರಲಿಲ್ಲ. ಹಾಗಂತ ನಮ್ಮವರು ಮಣ್ಣಿನಲ್ಲಿ ಓಡಿಸಲಿಲ್ಲವೇ? ಓಡಿಸಿದರು. ಸಿಕ್ಕಿದ ಬೈಕಿನಲ್ಲೇ ಓಡಿಸಿದರು.

1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಜಾವಾದ ದಾಯಾದಿ ಕಂಪನಿ ಚೆಜೆಟ್. ಅದರ ಬೈಕುಗಳು 1960ರ ದಶಕದಲ್ಲಿ ಮಣ್ಣಿನ ಹಾದಿಯ ಮೋಟೊಕ್ರಾಸ್ ರೇಸುಗಳಲ್ಲಿ ಮೆರೆದಿದ್ದವು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದು ಚೆಜೆಟ್ ಮೇಲೆಯೇ. ರೋಡ್‌ಕಿಂಗ್‌ನಲ್ಲಿ ಆ ವಂಶದ ಗುಣ ಇದೆ. 249 ಸಿಸಿ ಟೂ ಸ್ಟ್ರೋಕ್ ಇಂಜಿನ್, 16 ಕುದುರೆ ಬಲ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ರಾಡೇ ಮುಂದಕ್ಕೆ ಬಾಗಿಸಿದರೆ ಗೇರ್ ರಾಡು. ಕಡಿಮೆ ವೇಗದಲ್ಲೂ ಎಳೆಯುವ ಶಕ್ತಿ. ಕೆಸರಿನಲ್ಲಿ ಹಿಂದೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನಿಗೆ ಬೇಕಿದ್ದದ್ದು ಅದೇ.

ಇನ್ನೊಂದು ಮಾತು. ರೋಡ್‌ಕಿಂಗ್ ಬಂದ 1978ರಲ್ಲೇ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಊರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಈಗ ಮೇಲ್ಸೇತುವೆ ಹಾದುಹೋಗುವ ಜಾಗದ ಸುತ್ತ ಆಗ ರಾಗಿ ಹೊಲ. ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ ಕಡೆಯ ಊರುಗಳಿಗೆ ಮುಖ್ಯರಸ್ತೆ ಬಿಟ್ಟರೆ ಮಣ್ಣಿನ ದಾರಿಯೇ ಗತಿ. ಅರ್ಧ ದಾರಿ ಡಾಂಬರು, ಅರ್ಧ ದಾರಿ ಗುಂಡಿ. ಡ್ಯುಯಲ್ ಸ್ಪೋರ್ಟ್ ಎಂಬ ಹೆಸರು ಗೊತ್ತಿಲ್ಲದೆಯೇ ನಮ್ಮ ಹಿರಿಯರು ಅದನ್ನು ದಿನಾ ಮಾಡುತ್ತಿದ್ದರು.

ಹಾಗಾದರೆ ಯೆಜ್ಡಿ ಏಕೆ ಮುಳುಗಿತು? ಪೆಟ್ರೋಲು. 1984ರಲ್ಲಿ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಿಂದ ಇಂಡ್-ಸುಜುಕಿ ಬಂತು. ಮರುವರ್ಷ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಯೆಜ್ಡಿ ಲೀಟರಿಗೆ 30 ಕಿಲೋಮೀಟರ್ ಆಸುಪಾಸು ಕೊಟ್ಟರೆ ಸಿಡಿ 100 ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಡುತ್ತಿತ್ತು. ಜೊತೆಗೆ ಹೊಗೆಯ ನಿಯಮಗಳು ಬಿಗಿಯಾದವು. ವೈಟ್‌ಫೀಲ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಏಳುತ್ತಿದ್ದ ಹೊತ್ತಿಗೆ, 1996ರಲ್ಲಿ, ಯಾದವಗಿರಿ ಕಾರ್ಖಾನೆಗೆ ಬೀಗ ಬಿತ್ತು. ಕಂಪನಿ ಲಿಕ್ವಿಡೇಟರ್ ಕೈಗೆ ಹೋಯಿತು. 2022ರ ಜನವರಿಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳನ್ನು ತಂದಿತು. ಅದರಲ್ಲಿ ಒಂದರ ಹೆಸರೇ 'ಅಡ್ವೆಂಚರ್'. ಹಳೆ ಹೆಸರು ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು.

ಮಣ್ಣಿನ ದಾರಿಗೆಂದೇ ಮಾಡಿದ ಬೈಕು ನಮ್ಮಲ್ಲಿ ದೊಡ್ಡ ಕಂಪನಿಯಿಂದ ಬಂದದ್ದು ತಡವಾಗಿ. 2011ರ ಹೀರೋ ಇಂಪಲ್ಸ್ 150 ಸಿಸಿಯದು. ಕೊಂಡವರು ಕಡಿಮೆ, ಕೆಲವೇ ವರ್ಷಗಳಲ್ಲಿ ಮಾಯವಾಯಿತು. ಈಗ ಅದನ್ನೇ ಹುಡುಕಿಕೊಂಡು ಅಲೆಯುವವರಿದ್ದಾರೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ. ಆಮೇಲೆ ಹಿಮಾಲಯನ್, ಎಕ್ಸ್‌ಪಲ್ಸ್ ಬಂದವು. ಐಟಿ ಹುಡುಗರು ಶನಿವಾರ ಬಂತೆಂದರೆ ಮಣ್ಣಿನ ದಾರಿ ಹುಡುಕಿಕೊಂಡು ನಮ್ಮ ಊರುಗಳಿಗೆ ಬರುತ್ತಾರೆ. ಅವರಿಗೆ ಹಳೆ ಯೆಜ್ಡಿ ಮೇಲೂ ಕಣ್ಣು. ಬೆಲೆ ಏರಿದ್ದು ಹಾಗೆ. ದಲ್ಲಾಳಿಗಳು ಹುಟ್ಟಿಕೊಂಡದ್ದೂ ಹಾಗೆ.

ನನಗೆ ಎರಡನೇ ಬೈಕು ಸಿಕ್ಕಿದ್ದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಚಂದ್ರಿಕೆಗಳನ್ನು ಪೇರಿಸಿಟ್ಟಿದ್ದ ಮೂಲೆಯಲ್ಲಿ 1984ರ ರೋಡ್‌ಕಿಂಗ್ ನಿಂತಿತ್ತು. ಕೆಎ ಬರುವ ಮುಂಚಿನ ಸಿಎ ನಂಬರು. ಓಡಿಸುತ್ತಿದ್ದ ಅಜ್ಜ ತೀರಿಕೊಂಡು ಆರು ವರ್ಷ. ಅಜ್ಜಿ ಹೇಳಿದರು: "ಗುಜರಿಯವನು ಮೂರು ಸಲ ಬಂದಿದ್ದ ಕಣಪ್ಪಾ. ಬೈಕು ಬೇಡವಂತೆ ಅವನಿಗೆ, ಬರೀ ಆ ಕಾಗದ ಕೊಟ್ಟರೆ ಎರಡು ಸಾವಿರ ಕೊಡ್ತೀನಿ ಅಂದ. ಕಾಗದಕ್ಕೇನು ಅಷ್ಟೊಂದು ಬೆಲೆ?"

ನನ್ನ ಹತ್ತು ಸಾವಿರ ಎಲ್ಲಿಗೆ ಹೋಗಿತ್ತು ಎಂಬುದು ಆಗ ಅರ್ಥವಾಯಿತು. ಒಂದು ಊರಿನಿಂದ ಬರೀ ಆರ್‌ಸಿ, ಇನ್ನೊಂದು ಊರಿನಿಂದ ಕಾಗದವಿಲ್ಲದ ಬೈಕು. ಎರಡೂ ಸೇರಿದರೆ ಒಂದು 'ಅಪರೂಪದ ಬೈಕು'. ನಾಳೆ ಆ ಬೈಕು ಅಪಘಾತ ಮಾಡಿದರೆ, ಯಾವುದೋ ಕಳ್ಳತನದಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಅಂದರೆ ಆ ಅಜ್ಜಿಯ ಮನೆಗೆ.

ನಾವು ದಾರಿಯಲ್ಲೇ ಹೋದೆವು. ಮಾಲೀಕರು ತೀರಿಕೊಂಡಿದ್ದರೆ ಫಾರಂ 31 ತುಂಬಿ, ಮರಣ ಪ್ರಮಾಣಪತ್ರದ ಜೊತೆ ಕೊಟ್ಟು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಆಮೇಲೆ ಮಾರಾಟಕ್ಕೆ ಫಾರಂ 29 ಮತ್ತು 30. ಖಾಸಗಿ ಬೈಕಿನ ನೋಂದಣಿಗೆ 15 ವರ್ಷ ಆಯಸ್ಸು, ಆಮೇಲೆ ಫಾರಂ 25 ಕೊಟ್ಟು ಐದೈದು ವರ್ಷಕ್ಕೆ ನವೀಕರಣ. ತಡವಾದಷ್ಟೂ ದಂಡ ಬೆಳೆಯುತ್ತದೆ, ಹಸಿರು ತೆರಿಗೆ ಬೇರೆ. ಆರ್‌ಟಿಒ ಕಚೇರಿಗೆ ಏಳು ಸಲ ಅಲೆದೆ. ಅಜ್ಜಿಯ ಮಗ ಕೂಲಿ ಬಿಟ್ಟು ಎರಡು ಸಲ ಬಂದರು. ಬೈಕಿಗೆ ನಾನು ಕೊಟ್ಟದ್ದು 55 ಸಾವಿರ, ಅಜ್ಜಿಯ ಕೈಗೇ ಕೊಟ್ಟೆ.

ರಿಪೇರಿಗೆ ಅದೇ ಪೀಣ್ಯ ಶೆಡ್ಡು. ಯಜಮಾನರು ಮೊದಲು ಮತ್ತೆ ಪೆನ್ಸಿಲ್ ಉಜ್ಜಿದರು, ಈ ಸಲ ನಕ್ಕರು. ಸಿಲಿಂಡರ್ ಬೋರ್ ಮಾಡಿ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಪಿಸ್ಟನ್ ಹಾಕಿದರು. ಕ್ರ್ಯಾಂಕಿನ ಸೀಲ್ ಹೋಗಿತ್ತು. ಅದು ಹೋದರೆ ಗೇರ್ ಆಯಿಲ್ಲೇ ಇಂಜಿನ್ನಿಗೆ ನುಗ್ಗಿ ಉರಿಯುತ್ತದೆ, ಹೊಗೆ ನಿಲ್ಲುವುದೇ ಇಲ್ಲ. ಕೊಳ್ಳುವಾಗ ಇದನ್ನು ನೋಡಿ. ಇನ್ನು ಪೆಟ್ರೋಲಿಗೆ ಅಳತೆ ಮಾಡಿ ಟೂ ಸ್ಟ್ರೋಕ್ ಆಯಿಲ್ ಬೆರೆಸುವುದು ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಮಾಡಿಸಿದ್ದೆಲ್ಲ ಮಣ್ಣುಪಾಲು.

'ವಿಂಟೇಜ್' ಎಂದು ಎಲ್ಲರೂ ಹೇಳುತ್ತಾರೆ. ಆದರೆ 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿ ಮಾತ್ರ ವಿಂಟೇಜ್. ಹೊಸದಾಗಿ ಹಾಗೆ ನೋಂದಾಯಿಸಲು 20 ಸಾವಿರ ರೂಪಾಯಿ. ಆಮೇಲೆ ಅದನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ. ನನ್ನದಕ್ಕೆ ಆ ವಯಸ್ಸು ಆಗುವುದು 2034ಕ್ಕೆ. ಅಲ್ಲಿಯವರೆಗೆ ಗ್ರಾಮಸಭೆಗೂ, ಕೆರೆ ಒತ್ತುವರಿ ಸುದ್ದಿಗೂ ಇದರಲ್ಲೇ ಹೋಗುತ್ತೇನೆ.

ನಿಮಗೆ ಹೇಳಬೇಕಾದದ್ದು ಇಷ್ಟೇ. ಹಿತ್ತಲಲ್ಲಿ ನಿಂತ ಹಳೆ ಬೈಕನ್ನು ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಮುಂಚೆ ಟ್ರಂಕು ತೆಗೆದು ಆರ್‌ಸಿ ಹುಡುಕಿ. ಮಾರುವುದಾದರೆ ಹೆಸರು ಬದಲಾಯಿಸಿಯೇ ಮಾರಿ. ನಿಜವಾಗಿಯೂ ಗುಜರಿಗೆ ಹಾಕುವುದಾದರೆ ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಿ. ಬರೀ ಕಾಗದ ಕೇಳಿಕೊಂಡು ಬಂದವನಿಗೆ ಒಂದು ಲೋಟ ನೀರು ಕೊಟ್ಟು ಕಳಿಸಿ, ಕಾಗದ ಕೊಡಬೇಡಿ.