ಲಕ್ಕಮ್ಮನ ಆಜ್ಞೆ, ಮಾರಯ್ಯನ ಪೌರುಷ

ಹೆಂಡತಿಯ ಮಾತಿಗೆ ತಲೆಬಾಗುವ ಗಂಡನನ್ನು ಪೌರುಷಹೀನನೆಂದು ಹಳಿಯುವ ಲೋಕರೂಢಿಯ ನಡುವೆಯೇ, 12ನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳು ದಾಂಪತ್ಯಕ್ಕೆ ಬೇರೊಂದು ಮರ್ಯಾದೆಯನ್ನು ಕಲ್ಪಿಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ನೀಡುವುದು ಲಕ್ಕಮ್ಮನದು.

ಶೂನ್ಯಸಂಪಾದನೆಯು ನಿರೂಪಿಸುವಂತೆ, ಅನುಭಾವಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕವು ನಿಂತುಹೋಯಿತೆಂದು ನೆನಪಿಸಿದವಳು ಆಕೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆತನು ತಂದಾಗ, ಇದು ಆಸೆಯ ಫಲವೆಂದರಿತು, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ವಿಧಿಸಿದವಳೂ ಆಕೆಯೇ. ತನ್ನನ್ನಾಳುವ ಒಡೆಯನೆಂದು ಕರೆಯುತ್ತಲೇ ಆತನನ್ನು ತಿದ್ದಿದ ಆ ವಾಣಿಯಲ್ಲಿ ಎಂತಹ ಮಾರ್ದವ, ಎಂತಹ ಅಚಲತೆ! ಮಾರಯ್ಯನು ವಾದಕ್ಕಿಳಿಯಲಿಲ್ಲ, ತಂದ ಹಾದಿಯಲ್ಲಿಯೇ ಹಿಂದಿರುಗಿ ಸುರಿದು ಬಂದನು.

ಇದಕ್ಕಿಂತಲೂ ನನಗೆ ಪೂಜ್ಯವಾಗಿ ತೋರುವುದು ಮುಂದಿನ ಪ್ರಸಂಗ. ಶರಣರೆಲ್ಲರೂ ಮನ್ನಿಸುತ್ತಿದ್ದ ಆ ಕಾಯಕಯೋಗಿಯು, ಐಕ್ಯದ ನಿಲವನ್ನು ತಿಳಿಸಬೇಕೆಂದು ಪತ್ನಿಯನ್ನೇ ಬೇಡಿ, ಶಿಷ್ಯನಂತೆ ಕುಳಿತು, ಯಾವ ಸಂಕೋಚವೂ ಇಲ್ಲದೆ ಆಕೆಯ ಬೋಧೆಯನ್ನು ಕೇಳಿದನು. ಹಾಗೆ ಗುರುಸ್ಥಾನದಲ್ಲಿ ನಿಂತ ಲಕ್ಕಮ್ಮನಾದರೋ, ಪತಿಯ ಆರಾಧ್ಯದೈವಕ್ಕೆ ಆತನ ಹೆಸರನ್ನೂ ಬೆಸೆದು, ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೆಂಬ ಅಂಕಿತದಿಂದಲೇ ತನ್ನ ವಚನಗಳನ್ನು ನುಡಿದಳು.